ಖತೀಜಾ ಬೀ ಈಗ ಇರುವುದು ರಾಯಚೂರಿನಲ್ಲಿ

ಮನೆ ಬದಲಿಸುವಾಗ ಕೊಡ, ಹಾಸಿಗೆ, ಒಲೆ ಎಲ್ಲವನ್ನೂ ನೆನಪಿಟ್ಟು ಬಂಡಿಗೆ ಏರಿಸುತ್ತೇವೆ. ವಿಳಾಸ ಬದಲಾಯಿತೆಂದು ಹೇಳಬೇಕಾದ ಕಡೆ ಹೇಳುವುದನ್ನು ಮಾತ್ರ ಮರೆಯುತ್ತೇವೆ. ಖತೀಜಾ ಬೀ ಮನೆಯಲ್ಲೂ ಹಾಗೇ ಆಯಿತು.

ಖತೀಜಾ ಹುಟ್ಟಿದ್ದು ಕರಾಚಿಯಲ್ಲಿ. ಮಾನ್ವಿಯ ಸೋದರತ್ತೆಯ ಮಗ ಗುಲಾಮ್ ದಸ್ತಗೀರನನ್ನು ಮದುವೆಯಾಗಿ ಬಂದಿದ್ದಳು. ಮಡಿಲಲ್ಲಿ ಹೆಣ್ಣುಕೂಸು. ಇಲ್ಲೇ ಕಾಯಂ ಆಗಿ ಉಳಿಯಲು ಅನುಮತಿ ಕೋರಿ 1983ರಲ್ಲಿ ಅರ್ಜಿ ಹಾಕಿದಳು. ಅಷ್ಟರಲ್ಲಿ ದಸ್ತಗೀರ್ ಬಳೆ ಅಂಗಡಿಯನ್ನು ರಾಯಚೂರಿಗೆ ತಂದ. ಸಂಸಾರವೂ ಬಂತು. ಅರ್ಜಿಯಲ್ಲಿ ಮಾತ್ರ ಮಾನ್ವಿಯ ವಿಳಾಸವೇ ಉಳಿಯಿತು.

ಒಂದು ದಿನ ಮಾನ್ವಿಯ ಹಳೇ ಮನೆ ಮಾಲೀಕ ಯಮನೂರಪ್ಪ ಅಂಗಡಿ ಹುಡುಕಿಕೊಂಡು ಬಂದು, ದಸ್ತಗೀರನ ಜೊತೆ ಮನೆಗೂ ಬಂದ.

“ನಿನ್ನ ಹೆಸರಿಗೆ ಸರಕಾರಿ ಕಾಗದ ಬಂದಿತ್ತವ್ವಾ. ಅವರು ಊರು ಬಿಟ್ಟಾರ, ಹೊಸಾ ಮನಿ ಎಲ್ಲಿ ಅದ ಗೊತ್ತಿಲ್ಲ ಅಂದ್ಲು ನಮ್ಮಾಕಿ. ಟಪಾಲಿನವ ವಾಪಸ್ ಒಯ್ದ” ಎಂದ.

ಖತೀಜಾ ಚಹಾದ ಬಸಿ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

“ಬೇಕಾದ್ರ ಮತ್ತ ಬರೀತಾರ ತೊಗೊ” ಎಂದ ದಸ್ತಗೀರ್. “ನಾವಾಗೇ ಹೋಗಿ ಇಲ್ಲಿ ಅದೀವಿ ಅಂದ್ರ ಪೊಲೀಸರು ಬಂದು ನೂರೆಂಟು ಕೇಳ್ತಾರ. ಸುಮ್ಮನಿರೋದು ಛಲೋ.”

ಪಕ್ಕದ ಮನೆಯ ಗೋಪಮ್ಮ ಶಾಲೆಯ ಟೀಚರು. ಕೂಸನ್ನು ಎತ್ತಿಕೊಳ್ಳಲು ಬಂದವಳು ಈ ಮಾತು ಕೇಳಿ ನಿಂತಳು.

“ದಸ್ತಗೀರಣ್ಣಾ, ಕಾಗದ ತಿರುಗಿ ಹೋದ್ರ ಈಕಿ ಎಲ್ಲಿ ಅದಾಳೋ ಗೊತ್ತಿಲ್ಲ ಅಂತ ಬರದುಬಿಡ್ತಾರ. ಅರ್ಜಿ ಅಲ್ಲಿಗೇ ನಿಂತುಹೋಗ್ತದ.”

“ನಾವೇನು ತಪ್ಪು ಮಾಡಿಲ್ಲಲ್ರೀ ಅಕ್ಕೋರೇ?”

“ಮಾಡಿಲ್ಲ. ಅದಕ್ಕೇ ಹೋಗಿ ಹೇಳ್ರಿ ಅನ್ನಾಕತ್ತೀನಿ. ಮುಚ್ಚಿಟ್ಟಂಗ ಕಾಣಬಾರದು. ನನ್ನ ನೌಕರಿ ಸಂದರ್ಶನದ ಕಾಗದ ಗಬ್ಬೂರಿನ ಹಳೇ ಮನಿಗೆ ಹೋತು, ನಾನು ದೇವದುರ್ಗದಾಗ ಇದ್ದೆ. ಮುಂದ ಎರಡು ವರ್ಷ ಮನ್ಯಾಗ ಕುಂತೆ.”

ದಸ್ತಗೀರ್ ಇನ್ನೂ ಒಪ್ಪದೆ ತಲೆಯಾಡಿಸುತ್ತಿದ್ದ. ಖತೀಜಾ ಕೂಸನ್ನು ಎತ್ತಿಕೊಂಡು ಅವನ ಮುಂದೆ ಬಂದಳು.

“ನಿಮಗ ಪೊಲೀಸರ ಅಂಜಿಕಿ. ನನಗ ಈ ಕೂಸಿನ ಅಂಜಿಕಿ. ನಾಳೆ ನನ್ನ ಹೋಗು ಅಂದ್ರ ಇದನ್ನ ಯಾರ ಕೈಯಾಗ ಕೊಟ್ಟು ಹೋಗ್ಲಿ?”

ಮರುದಿನ ದಸ್ತಗೀರ್ ಅಂಗಡಿ ತೆರೆಯಲಿಲ್ಲ. ಹೆಂಡತಿ, ಕೂಸನ್ನು ಕರೆದುಕೊಂಡು ಅರ್ಜಿ ಹಾಕಿದ್ದ ಕಚೇರಿಗೆ ಹೋದ. ಗೋಪಮ್ಮನೂ ಜೊತೆಗಿದ್ದಳು.

ಗುಮಾಸ್ತ ಕಡತ ತೆಗೆದ. “ಹೇಳಿಕಿ ಕೊಡಾಕ ಕರದಿದ್ವಿ, ನೀವು ಬರಲಿಲ್ಲ. ಅರ್ಜಿ ಮುಚ್ಚಾಕ ಬರದಾಗ್ಯದ. ಸಾಹೇಬರ ಸಹಿ ಒಂದು ಬಾಕಿ ಅದ.”

ಸಾಹೇಬರನ್ನು ಕಾಣಲೇಬೇಕೆಂದು ಖತೀಜಾ ಪಟ್ಟು ಹಿಡಿದಳು. ಸಾಹೇಬರು ಒಳಗೆ ಕರೆಸಿದರು.

“ಮನಿ ಬದಲಿಸಿದ್ದು ಯಾಕ ಹೇಳಲಿಲ್ಲ?”

“ಅಂಜಿದ್ವಿರೀ ಸಾಹೇಬ್ರ” ಎಂದ ದಸ್ತಗೀರ್.

ಸಾಹೇಬರು ಕೂಸಿನ ಮುಖ ನೋಡಿದರು. “ಹೇಳಾಕ ಅಂಜಬಾರದಪಾ. ಹೇಳದೇ ಇದ್ರನೇ ತೊಂದ್ರಿ” ಎಂದು ಹೊಸ ವಿಳಾಸ ಬರೆಸಿಕೊಂಡು, ಹೇಳಿಕೆಗೆ ಬೇರೆ ದಿನ ಕೊಟ್ಟರು.

ಖತೀಜಾ ಆ ದಿನ ಹೋಗಿ ಹೇಳಿಕೆ ಕೊಟ್ಟಳು. ಆಮೇಲೆ ಬಹಳ ತಿಂಗಳು ಕಾಯಬೇಕಾಯಿತು. ಕೊನೆಗೊಂದು ಮಧ್ಯಾಹ್ನ ಟಪಾಲಿನವನು ಬಾಗಿಲಲ್ಲಿ ನಿಂತು, “ಖತೀಜಾ ಬೀ ಯಾರ್ರೀ?” ಎಂದು ಕೂಗಿದ. ಉಣ್ಣುತ್ತಿದ್ದ ದಸ್ತಗೀರ್ ಎಂಜಲುಗೈಯಲ್ಲೇ ಎದ್ದು ಓಡಿದ.

“ಇಲ್ಲೇ ಅದಾಳ್ರೀ! ಇದೇ ಮನಿ!”

ಅನುಮತಿ ಸಿಕ್ಕಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅರ್ಜಿ ಯಾವ ಕಚೇರಿಯಲ್ಲೇ ಇರಲಿ, ಮನೆ ಬದಲಿಸಿದ ಕೂಡಲೇ ಅರ್ಜಿ ಸಂಖ್ಯೆ ಬರೆದು ಹೊಸ ವಿಳಾಸ ತಿಳಿಸಿ. ಕೊಟ್ಟದ್ದಕ್ಕೆ ಗುರುತಾಗಿ ಒಂದು ಪ್ರತಿಯ ಮೇಲೆ ಕಚೇರಿಯ ಠಸ್ಸೆ ಹಾಕಿಸಿಕೊಳ್ಳಿ. ಹಳೇ ಮನೆಯವರಿಗೂ, ಅಂಚೆ ಕಚೇರಿಗೂ ಹೇಳಿ ಬನ್ನಿ. ಬರೆಯಲು ಬಾರದಿದ್ದರೆ ನೆರೆಯವರನ್ನು ಕೇಳಿ. ಅದರಲ್ಲಿ ನಾಚಿಕೆ ಏನಿಲ್ಲ. ಇವತ್ತೇ ಹೋಗಿ.