ಗುಲಾಬಿ ನುಂಗಿದ ನಾತ

“ಏನದು, ಸುಸ್ ಅಂತಿರೋದು?”

ಕೇಳಿದ್ದು ಯಾರನ್ನೂ ಅಲ್ಲ. ಹಿತ್ತಲಲ್ಲಿ ಮೇಣದಬತ್ತಿಯ ಅಚ್ಚುಗಳನ್ನು ತೊಳೆದು ಬಂದ ಸೊಸೆ ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟಳು. ಒಲೆಯ ಮೇಲೆ ನೀರಿನ ಪಾತ್ರೆ, ಅದರೊಳಗೆ ಮೇಣದ ಪಾತ್ರೆ. ನೀರು ಉಕ್ಕಿ ಚೆಲ್ಲಿ ಉರಿ ಆರಿತ್ತು. ಮೇಣ ಆಗಲೇ ಕೆನೆಗಟ್ಟಿತ್ತು. ಮೂಗಿಗೆ ಬಂದದ್ದು ಮೇಣಕ್ಕೆ ಬೆರೆಸುವ ಗುಲಾಬಿ ಅತ್ತರಿನ ಪರಿಮಳವೊಂದೇ. ಇಷ್ಟೇನಾ ಎಂದುಕೊಂಡು ಲೈಟರ್ ಎತ್ತಿದಳು.

“ಅತ್ತಿಗೇ! ಹಚ್ಚಬೇಡಿ! ಗ್ಯಾಸು!”

ಬತ್ತಿಗಳನ್ನು ಅಂಗಡಿಗೆ ಕೊಟ್ಟು ಬಂದ ಮೈದುನ ಬೀದಿಬಾಗಿಲಲ್ಲೇ ಮೂಗು ಮುಚ್ಚಿ ನಿಂತಿದ್ದ. “ಇಷ್ಟು ನಾತ ಹೊಡೀತಿದೆ, ನಿಮಗೆ ಗೊತ್ತಾಗ್ಲಿಲ್ವಾ?”

ಆ ಅನಿಲಕ್ಕೆ ತನ್ನದೆಂಬ ವಾಸನೆಯಿಲ್ಲ. ಎಚ್ಚರಿಸಲೆಂದೇ ನಾತ ಬೆರೆಸಿರುತ್ತಾರೆ. ದಿನವಿಡೀ ಅತ್ತರಿನಲ್ಲೇ ಇದ್ದ ಮೂಗಿನಲ್ಲಿ ಆ ನಾತವನ್ನು ಗುಲಾಬಿ ನುಂಗಿತ್ತು.

ಮಲಗಿದ ಮಗುವನ್ನು ಇಳಿಸುವ ಹಾಗೆ ಲೈಟರನ್ನು ಕೆಳಗಿಟ್ಟಳು. ಒಲೆಯನ್ನೂ ಸಿಲಿಂಡರನ್ನೂ ಬಂದ್ ಮಾಡಿದಳು. ಸದ್ದು ನಿಂತಿತು.

“ಕಿಟಕಿ ತೆಗೀರಿ!”

“ಯಾವ ಕಿಟಕಿನಪ್ಪಾ? ಗಾಳಿ ಬಿದ್ರೆ ಮೇಣ ಬಿರಿಯುತ್ತೆ ಅಂತ ಎಲ್ಲಕ್ಕೂ ಹಲಗೆ ಬಡಿದ ಪುಣ್ಯಾತ್ಮ ನೀನೇ ಅಲ್ವಾ? ಬಾಗಿಲು ತೆರೆದಿದೆಯಲ್ಲ, ಹೋಗುತ್ತೆ ಬಿಡು.”

“ಹೋಗಲ್ಲ ಅತ್ತಿಗೆ. ಅದು ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗು ಹುಡುಕುತ್ತೆ.”

ತಗ್ಗು. ಇಬ್ಬರೂ ಒಟ್ಟಿಗೆ ತಿರುಗಿದರು. ಮೂರು ಮೆಟ್ಟಿಲು ಇಳಿದರೆ ಅಚ್ಚಿನ ಬತ್ತಿಗಳನ್ನು ತಣಿಯಲು ಇಡುವ ಕೋಣೆ. ನೆಲ ತಂಪೆಂದು ಅತ್ತೆ ಮಧ್ಯಾಹ್ನ ಅಲ್ಲೇ ಚಾಪೆ ಹಾಸಿ ಮಲಗುವುದು.

ಮೇಣವೂ ಆ ಅನಿಲವೂ ಒಂದೇ ಬಸಿರಿನವು, ನೆಲದೊಳಗಿನ ಎಣ್ಣೆಯ ಮಕ್ಕಳು. ಒಂದು ಅಚ್ಚಿನಲ್ಲಿ ಗಟ್ಟಿಯಾಗಿ ಕೂತು ಅನ್ನ ಹಾಕಿತ್ತು. ಇನ್ನೊಂದು ಕಣ್ಣಿಗೆ ಕಾಣದೆ ಮೆಟ್ಟಿಲಿಳಿದಿತ್ತು.

“ಅತ್ತೇ! ಎದ್ದೇಳಿ ಅತ್ತೇ!”

ಉತ್ತರವಿಲ್ಲ. ಸೊಸೆಯ ತುಟಿ ದೇವರ ಹೆಸರಿಗಾಗಿ ತಡಕಾಡಿತು.

ಕೊನೆಗೊಂದು ಕೆಮ್ಮು. “ಏನೇ, ಮನೆಗೆ ಬೆಂಕಿ ಬಿದ್ದ ಹಾಗೆ ಕೂಗ್ತೀಯಲ್ಲ?”

“ಗ್ಯಾಸ್ ತುಂಬಿದೆ. ಮೊದಲು ಮೇಲೆ ಬನ್ನಿ!”

“ತಲೆ ಸುತ್ತುತ್ತಿದೆ ಕಣೇ. ಗವ್ವೆನ್ನೋ ಕತ್ತಲು ಬೇರೆ. ಹೋದ ಸಲ ಈ ಮೆಟ್ಟಿಲಲ್ಲೇ ಸೊಂಟ ಮುರ್ಕೊಂಡಿದ್ದು. ಲೈಟ್ ಹಾಕು.”

ಸ್ವಿಚ್ಚು ಮೆಟ್ಟಿಲ ತಲೆಯಲ್ಲಿತ್ತು. ಒತ್ತಿದರೆ ಒಳಗೊಂದು ಕಿಡಿ, ಅಷ್ಟು ಸಾಕು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮಾತಿಗೆ ಎದುರಾಡದವಳು ಸ್ವಿಚ್ಚು ಮುಟ್ಟದೆ ಬರಿಗಾಲಲ್ಲಿ ಇಳಿದು ಕೈ ಚಾಚಿದಳು. ತಣ್ಣನೆಯ ಬೆರಳುಗಳು ಸಿಕ್ಕವು.

“ಈ ಕತ್ತಲಲ್ಲೇ ಹತ್ತಿಸ್ತೀಯಲ್ಲೇ! ಸೊಸೆಗೊಂದು ಕಾಲ ಬಂತು ಅಂತ ನನ್ನ ಬೀಳಿಸ್ತೀಯಾ? ಮಗಾ, ನೀನಾದ್ರೂ ಲೈಟ್ ಹಾಕೋ.”

ತಾಯಿಯ ಮಾತು ಕೇಳಿದ್ದೇ ತಡ, ಮೈದುನನ ಕೈ ತಾನಾಗಿ ಸ್ವಿಚ್ಚಿನತ್ತ ಎದ್ದಿತು.

“ಮುಟ್ಟಿದ್ರೆ ನೋಡು!” ಸೊಸೆ ಕಿರುಚಿದಳು. ಅತ್ತೆಯ ಕೈ ಬಿಗಿಹಿಡಿದು ಮೊದಲ ಮೆಟ್ಟಿಲಿಗೆ ಎಳೆದಳು.

“ಒಂದೇ ಒಂದು ನಿಮಿಷ ಹಾಕೇ, ನಿನ್ನ ದಮ್ಮಯ್ಯ.”

“ಇಲ್ಲ ಅತ್ತೆ. ನಾನೂ ಹಾಕಲ್ಲ, ಅವನಿಗೂ ಹಾಕೋಕೆ ಬಿಡಲ್ಲ.”