ಮೇಲಿನ ಗೇಟಿನ ಹುರಿ

ಮ್ಯೂರಿಯಲ್ ಪಿಕರಿಂಗ್‌ಗೆ ತೆರೆದ ಗೇಟು ಕಂಡರೆ ಆಗುತ್ತಿರಲಿಲ್ಲ. ಯಾರ್ಕ್‌ಶೈರಿನ ಆ ಕಣಿವೆಗೆ ಗಂಡನೊಂದಿಗೆ ಬಂದು ನೆಲೆಸಿದ ಹೊಸತರಲ್ಲಿ ಆಕೆ ಮುಚ್ಚಲು ಮರೆತ ಒಂದು ಗೇಟಿನಿಂದ ಕುರಿ ಸಾಕುವ ಕ್ಲೆಮ್ ಆಲ್ಡರ್ಸನ್ನನ ಟಗರು ಊರ ಪಾದ್ರಿಗಳ ಕೋಸಿನ ಮಡಿಗೆ ನುಗ್ಗಿ, ಒಂದು ಎಲೆಯನ್ನೂ ಉಳಿಸದೆ ಮೇದಿತ್ತು. ಹೊರಗಿನವರ ಹಣೆಬರಹವೇ ಇಷ್ಟು ಎಂದು ಊರು ಆಡಿಕೊಂಡಿತು. ಆ ಅವಮಾನವನ್ನು ಆಕೆ ಎಷ್ಟು ಗಟ್ಟಿಯಾಗಿ ನುಂಗಿದಳೆಂದರೆ, ಗಂಡ ತೀರಿಕೊಂಡ ಮೇಲೆ ನಾಯಿ ಟಿಂಕರನ ಜೊತೆ ದಿನಾ ಗುಡ್ಡ ಹತ್ತುವಾಗ ಕಣ್ಣಿಗೆ ಬಿದ್ದ ಗೇಟನ್ನೆಲ್ಲ ಮುಚ್ಚಿ, ಅಗುಳಿ ಹಾಕಿ, ಒಮ್ಮೆ ಅಲ್ಲಾಡಿಸಿ ನೋಡಿಯೇ ಮುಂದೆ ಹೋಗುತ್ತಿದ್ದಳು. ಲೀಡ್ಸ್ ಕಡೆಯಿಂದ ಕಾರಿನಲ್ಲಿ ಬಂದು ಗೇಟು ತೆರೆದೇ ಬಿಟ್ಟು ಹೋಗುವವರನ್ನು ಅಟ್ಟಿಸಿಕೊಂಡು ಹೋಗಿ ಬೈದದ್ದೂ ಉಂಟು. ಪಬ್ಬಿನಲ್ಲಿ ಬೆನ್ನ ಹಿಂದೆ ಆಕೆಗೆ ಗೇಟಮ್ಮ ಎಂದೇ ಹೆಸರು. ಅದು ಆಕೆಯ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಗ್ಗೂ ಇತ್ತು.

ಕಾಲುದಾರಿ ಶುರುವಾಗುವಲ್ಲಿ ಒಂದು ಹಲಗೆಯಿದೆ. ಗೇಟು ಹೇಗಿತ್ತೋ ಹಾಗೇ ಬಿಟ್ಟುಹೋಗಿ ಎಂದು ಅದರ ಮೇಲೆ ಬರೆದಿದೆ. ಮ್ಯೂರಿಯಲ್ ಅದನ್ನು ಓದದವಳೇನಲ್ಲ. ಆದರೆ ಗೇಟು ಹುಟ್ಟಿರುವುದೇ ಮುಚ್ಚಿಕೊಂಡಿರುವುದಕ್ಕೆ ಎನ್ನುವುದು ಆಕೆಯ ಸಿದ್ಧಾಂತ. ಸಿದ್ಧಾಂತ ಕಟ್ಟಿಕೊಂಡವರಿಗೆ ಹಲಗೆ ಏನು ಮಾಡೀತು?

ನಿನ್ನೆ ಮಧ್ಯಾಹ್ನವೂ ಹಾಗೇ ಆಯಿತು. ಗಾಳಿ ಕತ್ತರಿಸುವಂತೆ ಬೀಸುತ್ತಿತ್ತು, ಬಡಗಣ ದಿಕ್ಕು ಸೀಸದ ಬಣ್ಣಕ್ಕೆ ತಿರುಗಿತ್ತು. ಕಾಡು ಮುಗಿದು ಬೋಳುಗುಡ್ಡ ಶುರುವಾಗುವ ಕಡೆ ಕಲ್ಲುಗೋಡೆಯಲ್ಲಿರುವ ಮೇಲಿನ ಗೇಟು ಹಾರುಹೊಡೆದು ತೆರೆದಿತ್ತು. ಸಾಲದ್ದಕ್ಕೆ, ಹುಲ್ಲಿನ ಹೊರೆ ಕಟ್ಟುವ ಕಿತ್ತಳೆ ಬಣ್ಣದ ಹುರಿಯಿಂದ ಅದನ್ನು ಗೋಡೆಗೆ ಬಿಗಿದಿದ್ದರು. ಮುಚ್ಚುವುದಕ್ಕೆ ಸೋಮಾರಿತನ, ಕಟ್ಟಿ ಬಿಡುವುದಕ್ಕೆ ಮಾತ್ರ ಉತ್ಸಾಹ ನೋಡು ಎಂದು ಟಿಂಕರನಿಗೆ ಹೇಳುತ್ತಾ ಆಕೆ ಹುರಿ ಜಾರಿಸಿ ತೆಗೆದಳು, ಗೇಟು ಎಳೆದು ಅಗುಳಿ ಹಾಕಿದಳು. ಯಾವುದಾದರೂ ಕುರಿ ನುಂಗೀತೆಂದು ಹುರಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. ಮನೆಗೆ ಬಂದು ಒಣದ್ರಾಕ್ಷಿಯ ಬನ್ನು ಸುಟ್ಟು, ಬೆಣ್ಣೆ ಸವರಿ, ಚಹಾದ ಜೊತೆ ತಿಂದಳು. ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿತ್ತು. ಕತ್ತಲಾಗುತ್ತಲೇ ಹಿಮ ಶುರುವಾಯಿತು.

ಬೆಳಗ್ಗೆ ನೋಡಿದರೆ ಕಣಿವೆಯೇ ಬೇರೆ. ಗಾಳಿ ಅಡಗಿತ್ತು, ಎಳೆಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಇಂಥ ದಿನ ಮನೆಯಲ್ಲಿ ಕೂರುವವಳಲ್ಲ ಮ್ಯೂರಿಯಲ್. ಕಾಡಿನ ದಾರಿಯಲ್ಲಿ ಬೀಚ್ ಮರಗಳ ಕೊಂಬೆಯಿಂದ ಹಿಮ ಧೊಪ್ಪೆಂದು ಬೀಳುತ್ತಿತ್ತು. ಟಿಂಕರ್ ಹೊಟ್ಟೆಮಟ್ಟ ಹೂತು, ನೆಗೆದು, ಮತ್ತೆ ಹೂತು, ಕಿವಿ ತುಂಬ ಹಿಮದ ಉಂಡೆ ಕಟ್ಟಿಕೊಂಡು ಓಡುತ್ತಿದ್ದ. ಗಂಡ ಹೋದ ಮೇಲೆ ತಾನು ಇಷ್ಟು ಜೋರಾಗಿ ನಕ್ಕಿರಲಿಲ್ಲ ಎನ್ನಿಸಿತು ಆಕೆಗೆ. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವವೆಂದರೆ ಈ ನಾಯಿಯೇ.

ಕಾಡು ಮುಗಿಯುವಲ್ಲಿ ಟಿಂಕರ್ ತಟ್ಟನೆ ನಿಂತು ಮೂಗೆತ್ತಿದ. ಮರುಕ್ಷಣ ಏರಿ ಹೋದವನು ಎಷ್ಟು ಕರೆದರೂ ಬರಲಿಲ್ಲ. ಆಕೆ ಏದುಸಿರು ಬಿಡುತ್ತಾ ಹತ್ತಿದಳು. ಗೋಡೆ, ಗೇಟು ಯಾವುದೂ ಕಾಣದಂತೆ ಹಿಮದ ದಿಬ್ಬವೊಂದು ಎದ್ದಿತ್ತು. ಅದರ ನೆತ್ತಿಯಲ್ಲಿ ನಾಯಿ ಹುಚ್ಚು ಹಿಡಿದಂತೆ ಕೆರೆಯುತ್ತಿತ್ತು. ಮೊಲವಿರಬೇಕೆಂದು ಬೈಯುತ್ತಲೇ ಹತ್ತಿರ ಹೋದಳು.

ಮೊಲವಲ್ಲ. ಒಂದು ಕಪ್ಪು ಮುಖ ಹಿಮದಿಂದ ಹೊರಗೆ ಚಾಚಿತ್ತು. ಕಣ್ಣುಗಳನ್ನು ಕಾಗೆಗಳು ಕುಕ್ಕಿ ತೆಗೆದಿದ್ದವು. ಅದರ ಪಕ್ಕದಲ್ಲಿ ಇನ್ನೊಂದು ಮುಖ, ಅದರ ಬೆನ್ನ ಮೇಲೆ ಹತ್ತಿ ನಿಂತಂತೆಯೇ ಹೆಪ್ಪುಗಟ್ಟಿದ ಮತ್ತೊಂದು. ಟಿಂಕರ್ ಕೆರೆದಷ್ಟೂ ಉಣ್ಣೆ, ಕೋಡು, ಕಿವಿ. ಎಲ್ಲವೂ ಕಣಿವೆಯ ಕಡೆಗೇ ಮುಖ ಮಾಡಿದ್ದವು. ಮ್ಯೂರಿಯಲ್‌ಗೆ ಗುರುತು ಸಿಕ್ಕಿತು. ಆಲ್ಡರ್ಸನ್ನನ ಗಬ್ಬದ ಕುರಿಗಳು ಅವು, ವಸಂತದಲ್ಲಿ ಮರಿ ಹಾಕಬೇಕಾದವು. ಹಿಮ ಬೀಳುವ ಮೊದಲೇ ಕಣಿವೆಗೆ ಇಳಿದು ಬರಬಾರದಿತ್ತೇ ಎಂದು ಆಕೆಗೆ ಅಳು ಬಂತು.

"ನಾಯಿ ಹತ್ರದಿಂದ ಸರ್ಕೋ, ಮ್ಯೂರಿಯಲ್."

ಕೆಳಗೆ ಕಾಡಿನಂಚಿನಲ್ಲಿ ಕ್ಲೆಮ್ ಆಲ್ಡರ್ಸನ್ ನಿಂತಿದ್ದ. ಕಾಗೆಗಳು ಸುತ್ತುವುದನ್ನು ಅಂಗಳದಿಂದಲೇ ಕಂಡು ಸಲಿಕೆಯನ್ನೂ ಬಂದೂಕನ್ನೂ ತಂದಿದ್ದ. ಸಲಿಕೆ ಹಿಮದಲ್ಲಿ ಬಿದ್ದಿತ್ತು. ಬಂದೂಕು ಹೆಗಲಿಗೇರಿತ್ತು.

ಆಕೆ ತಿರುಗಿ ಟಿಂಕರನನ್ನು ನೋಡಿದಳು. ಬಾಯಿ ತುಂಬ ಉಣ್ಣೆ. ಗಾಜಿನಂಥ ಹಿಮ ಕೆರೆದು ಕಾಲು ಸೀಳಿ, ನೆಕ್ಕಿಕೊಂಡು ಮುಸುಡಿಯೆಲ್ಲ ಕೆಂಪಾಗಿತ್ತು. ಕೆಳಗೆ ನಿಂತವನಿಗೆ ಕಾಣುತ್ತಿದ್ದದ್ದು ಆ ಕೆಂಪು ಮಾತ್ರ. ಹೋದ ಚಳಿಗಾಲದಲ್ಲಿ ಯಾರದೋ ನಾಯಿ ಅವನ ಕುರಿಗಳನ್ನು ಕಲ್ಲುಗಣಿಗೆ ಅಟ್ಟಿ ಕೆಡವಿತ್ತು. ಇನ್ನೊಂದು ಸಲ ಹೀಗಾದರೆ ಯಾರ ನಾಯಿ ಎಂದು ಕೇಳುತ್ತಾ ಕೂರುವುದಿಲ್ಲ ಎಂದು ಅವನು ಪಬ್ಬಿನಲ್ಲಿ ಹೇಳಿದಾಗ ಮ್ಯೂರಿಯಲ್ ಕೂಡ ಹೌದೆಂದು ತಲೆ ಆಡಿಸಿದ್ದಳು. ಕಾನೂನೂ ಅವನ ಕಡೆಗಿತ್ತು.

"ಇವನಲ್ಲ ಕ್ಲೆಮ್. ಇವನು ಅಗೀತಿದ್ದ ಅಷ್ಟೆ."

"ಗೇಟು ತೆಗೆದು ಕಟ್ಟಿದ್ದೆ ನಾನು." ಅವನ ದನಿ ಏರಲೇ ಇಲ್ಲ. "ಹಿಮದ ವಾಸನೆ ಬಂದ್ರೆ ತಾವಾಗೇ ಇಳೀತಾವೆ, ನಮ್ಮಪ್ಪನ ಕಾಲದಿಂದ ಇಳಿದಿದಾವೆ. ನಾಯಿ ಅಡ್ಡ ಬರದೇ ಇದ್ರೆ ಬಾಗ್ಲಲ್ಲಿ ನಿಂತು ಸಾಯ್ತಾವಾ? ಸರ್ಕೋ."

ನಾಯಿಯನ್ನು ಹೇಗಾದರೂ ಹಿಡಿದುಕೊಳ್ಳಬೇಕೆಂದು ಅದರ ಕೊರಳಿಗೆ ಹಾಕುವ ಬಾರಿಗಾಗಿ ಜೇಬಿಗೆ ಕೈ ಹಾಕಿದಳು. ಬಾರಿನ ಜೊತೆ ತೊಡಕಿಕೊಂಡು ಏನೋ ಹೊರಗೆ ಬಂತು. ಕಿತ್ತಳೆ ಬಣ್ಣದ ಹುರಿ. ಆಲ್ಡರ್ಸನ್ ಹಾಕಿದ ಗಂಟು ಅದರಲ್ಲಿ ಹಾಗೇ ಇತ್ತು.

ಟಿಂಕರ್ ಕೆರೆದ ಕಡೆ ಗೇಟಿನ ಮೇಲಿನ ಪಟ್ಟಿ ಕಾಣುತ್ತಿತ್ತು, ಅಗುಳಿ ಆಕೆ ಹಾಕಿದಂತೆಯೇ ಇತ್ತು. ಕುರಿಗಳು ಇಳಿದು ಬಂದಿದ್ದವು. ಬಂದು, ಹಿಮದ ಹೊತ್ತಿಗೆ ಎಂದೂ ಮುಚ್ಚಿರದ ಬಾಗಿಲು ಮುಚ್ಚಿದ್ದನ್ನು ಕಂಡು, ತೆರೆದೀತೆಂದು ಒಂದರ ಮೇಲೊಂದು ಒತ್ತಿ ನಿಂತು ಕಾದಿದ್ದವು. ಆಗ ಆಕೆ ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಅಪ್ಪಿಕೊಂಡು ಮಲಗಿದ್ದಳು.

ಸುಮ್ಮನಿದ್ದರೆ ನಾಯಿ ಸಾಯುತ್ತದೆ. ಹೇಳಿದರೆ ಈ ಕಣಿವೆಯಲ್ಲಿ ಆಕೆಗೆ ಮುಖವೆಂಬುದು ಉಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಒಂದು ಕ್ಷಣ ಆಕೆಯ ಬೆರಳುಗಳು ಹುರಿಯನ್ನು ಜೇಬಿಗೇ ತಳ್ಳಲು ನೋಡಿದವು. ಟಿಂಕರ್ ಬಾಲ ಅಲ್ಲಾಡಿಸಿದ. ಆಕೆ ಬಂದೂಕಿಗೂ ನಾಯಿಗೂ ನಡುವೆ ಬಂದು ಹುರಿಯನ್ನು ಎತ್ತಿ ಹಿಡಿದಳು.

"ಗೇಟು ಮುಚ್ಚಿದೆ ಕ್ಲೆಮ್. ಮುಚ್ಚಿದ್ದು ನಾನು."

ಅವನು ಆ ಹುರಿಯನ್ನು ನೋಡಿದ. ಆಮೇಲೆ ಬಂದೂಕಿನ ನಳಿಗೆ ಮಡಚಿ ತೋಟಾ ತೆಗೆದ, ಸಲಿಕೆ ಎತ್ತಿಕೊಂಡು ಹತ್ತಿ ಬಂದ. ಆಕೆಯ ಮುಖ ನೋಡಲಿಲ್ಲ. ಟಿಂಕರ್ ಅಷ್ಟು ಹೊತ್ತೂ ಬಿಡದೆ ಕೆರೆದ ಜಾಗದಲ್ಲಿ ಒಳಗಿನಿಂದ ಯಾವುದೋ ಕುರಿಯ ಉಸಿರು ಹಿಮ ಕರಗಿಸಿದ ಹಳದಿ ತೂತೊಂದಿತ್ತು. ಅಲ್ಲಿ ಅಗೆದ. ಆಕೆ ಕೈಗವಸು ಕಳಚಿ ಬರಿಗೈಯಲ್ಲಿ ಹಿಮ ತೋಡಿದಳು. ಸತ್ತವುಗಳ ಮೈ ಮರೆಯಲ್ಲಿ ಒಂದು ಕುರಿ ಜೀವ ಹಿಡಿದುಕೊಂಡಿತ್ತು. ಹುಡುಕಿದರೂ ಬೇರೊಂದು ಸಿಗಲಿಲ್ಲ.

ಅವನು ಬೈಯಲಿ ಎಂದು ಆಕೆ ಕಾದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಗೇಟಿನ ಸುತ್ತ ಹಿಮ ಬಿಡಿಸಿ, ಅಗುಳಿ ಎತ್ತಿ, ಅದನ್ನು ಗೋಡೆಯವರೆಗೆ ಎಳೆದು ಹಿಡಿದ. ಕಟ್ಟು ಎಂಬಂತೆ ಆಕೆಯ ಕೈಯಲ್ಲಿದ್ದ ಹುರಿಯತ್ತ ತಲೆ ಆಡಿಸಿದ. ಕುರಿ ತೂರಾಡುತ್ತಾ ದಾಟಿ ಕಣಿವೆಯ ಕಡೆ ಹೆಜ್ಜೆ ಹಾಕಿತು. ಆಕೆಯ ಮರಗಟ್ಟಿದ ಬೆರಳಿಗೆ ಗಂಟು ಕೂಡುತ್ತಿರಲಿಲ್ಲ.

"ನಿನ್ನೆ ಸಂಜೆ ಹಿಮ ಶುರುವಾದಾಗ ಬೂಟು ಹಾಕ್ಕೊಂಡು ಹೊರಟಿದ್ದೆ," ಎಂದ ಅವನು, ಕುರಿಯನ್ನೇ ನೋಡುತ್ತಾ. "ಗೇಟು ಕಟ್ಟಿದ ಹಾಗೇ ಇದೆಯೋ ಇಲ್ವೋ ನೋಡ್ಬರೋಣ ಅಂತ. ನನ್ನ ಹೆಂಡ್ತಿ ಅಂದ್ಲು, ಮಧ್ಯಾಹ್ನ ಮ್ಯೂರಿಯಲ್ ಮೇಲೆ ಹೋಗಿದ್ದು ಕಂಡೆ, ಗೇಟು ಸರಿ ಇಲ್ದಿದ್ರೆ ಅವಳು ಬಿಡ್ತಾಳಾ ಅಂತ. ಅದೂ ನಿಜ ಅಂದ್ಕೊಂಡು ಬೂಟು ಬಿಚ್ಚಿದೆ."

ಅವನು ಕುರಿಯ ಹಿಂದೆ ಇಳಿದು ಹೋದ. ಮ್ಯೂರಿಯಲ್ ಹುರಿಯ ಎರಡು ತುದಿಗಳನ್ನು ಹಿಡಿದುಕೊಂಡು ತೆರೆದ ಗೇಟಿನ ಪಕ್ಕ ನಿಂತೇ ಇದ್ದಳು.