ಬಿಡಪ್ಪನ ಮನೆಯಲ್ಲಿ ಇಲ್ಲದ ಮಾತು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರು ಇಟ್ಟದ್ದು ಬಿಡಪ್ಪ. ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿ, ಕುಸಿದ ಸ್ಪ್ರಿಂಗುಗಳನ್ನು ಮತ್ತೆ ಎಬ್ಬಿಸಿ ಕೂರಿಸುವುದು ಅವನ ಕಸುಬು. ಹೆಸರು ಬಂದದ್ದು ಮಾತ್ರ ಕಸುಬಿನಿಂದಲ್ಲ, ಬಾಯಿಂದ. ಗಿರಾಕಿ ತಡ ಮಾಡಿದರೆ 'ಪರವಾಗಿಲ್ಲ ಬಿಡಿ'. ತಾನೇ ತಡ ಮಾಡಿದರೂ 'ಆಗುತ್ತೆ ಬಿಡಿ'. ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಹೇಳಿದರೆ 'ನೋಡೋಣ ಬಿಡು'. ನೋಡಿದ್ದು ಯಾವಾಗ ಎಂದು ಕೇಳಬಾರದು, ಅಷ್ಟೆ. ಇಂಥವರ ಜೊತೆ ಹರಟೆ ಹೊಡೆಯುವುದು ಬಲು ಸುಖ. ಸಂಸಾರ ಮಾಡುವುದು ಹೇಗೆಂದು ಅವನ ಹೆಂಡತಿಯನ್ನೇ ಕೇಳಬೇಕು.

ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಕೊಕ್ಕೆಗಳಲ್ಲಿ ಸಾಲಾಗಿ ನೇತುಹಾಕಿದ ಕಂದು ಕಾಗದದ ಕಟ್ಟುಗಳು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಕಟ್ಟು. ಅವರ ತೋಳು, ಬೆನ್ನು, ಕಾಲರು ಎಲ್ಲ ಆ ಕಾಗದದಲ್ಲಿ ಕತ್ತರಿಸಿ ಇಟ್ಟದ್ದು. ಅಂಚಿನಲ್ಲಿ ಪೆನ್ಸಿಲಿನ ಬರಹ: 'ಎಡ ಹೆಗಲು ಅರ್ಧ ಇಂಚು ಇಳಿಸು.' 'ಕುತ್ತಿಗೆ ಬಿಗಿಯಾದರೆ ಗೊಣಗುತ್ತಾರೆ.' ಒಂದರ ಮೇಲೆ, 'ಹೊಟ್ಟೆಯ ಮಾತು ಎತ್ತಬೇಡ.' ಹತ್ತೊಂಬತ್ತು ವರ್ಷದ ಕೆಲಸ ಆ ಗೋಡೆಯ ಮೇಲಿತ್ತು.

ಈ ಮನೆಗೆ ನಾಯಿ ಬಂದದ್ದೂ ಬಿಡಪ್ಪನ ಬಾಯಿಂದಲೇ. ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರು ತಮ್ಮ ಹತ್ತು ತಿಂಗಳ ನಾಯಿಗೆ ಯಾರು ಗತಿ ಎಂದು ಕಣ್ಣಲ್ಲಿ ನೀರು ತಂದುಕೊಂಡಾಗ ಅವನು ಏನೆಂದಿರಬಹುದು? 'ನಾನಿಲ್ವಾ ಬಿಡಿ.' ಅದಕ್ಕೆ 'ದೊರೆ' ಎಂದು ಹೆಸರಿಟ್ಟವಳು ಹೆಂಡತಿ. ಮಾಡಲು ಕೆಲಸವಿಲ್ಲ, ಹಸಿವಿಗೆ ಕಡಿಮೆಯಿಲ್ಲ, ಕಣ್ಣಿಗೆ ಬಿದ್ದದ್ದೆಲ್ಲ ತನ್ನದೇ. ಬೇರೆ ಯಾವ ಹೆಸರು ಒಪ್ಪೀತು?

ಬಿಡಪ್ಪ ಒಂಬತ್ತಕ್ಕೆ ಅಂಗಡಿಗೆ ಹೊರಟರೆ ಮತ್ತೆ ಆರಕ್ಕೇ ಬರುವುದು, ನಡುವೆ ಊಟಕ್ಕೆ ಒಂದು ಗಳಿಗೆ. ಹೆಂಡತಿ ಯಂತ್ರದ ಮುಂದೆ ಕೂತರೆ ತಲೆ ಎತ್ತುವವಳಲ್ಲ. ಕಾಲಲ್ಲಿ ಕುದುರೆಯ ಕಸುವು ತುಂಬಿಕೊಂಡ ದೊರೆ ಒಳಕೋಣೆಯಲ್ಲಿ ಗೋಡೆ ಗಡಿಯಾರ ನೋಡುತ್ತ ಕೂರಬೇಕಿತ್ತು. ಎರಡು ದಿನ ಕೂತಿತು. ಮೂರನೆಯ ದಿನ ಕಾಲೊರಸು ಹೋಯಿತು. ಆಮೇಲೆ ಚಪ್ಪಲಿಗಳು, ಅದೂ ಎಡಗಾಲಿನವು ಮಾತ್ರ. ಆಮೇಲೆ ಪರದೆ, ಕುರ್ಚಿಯ ಕಾಲು, ಟಿವಿ ರಿಮೋಟಿನ ಅರ್ಧ. ಉಳಿದರ್ಧ ಇನ್ನೂ ಸಿಕ್ಕಿಲ್ಲ.

"ಬಿಡು ದೊರೆ, ಬಿಡು!" ಎಂದು ಬಿಡಪ್ಪ ಒಂದು ತುದಿ ಹಿಡಿದು ಎಳೆಯುವನು, ನಾಯಿ ಇನ್ನೊಂದು ತುದಿ. ಒಂಬತ್ತು ಗಂಟೆ ಹೊತ್ತು ಬೇಸತ್ತ ಜೀವಕ್ಕೆ ಇದಕ್ಕಿಂತ ಸೊಗಸಾದ ಆಟ ಸಿಕ್ಕೀತೆ? ಬಾಲ ಮುರಿದು ಬೀಳುವಷ್ಟು ಅಲ್ಲಾಡುತ್ತಿತ್ತು. ಬಿಡಪ್ಪನಿಗೂ ಖುಷಿ. ಅವನು ಮನೆಗೆ ಬಂದನೆಂದು ಓಡಿಬಂದು ಎದೆಗೆ ಹಾರುವ ಜೀವ ಅದೊಂದೇ. ಆ ನಾಯಿಯನ್ನು ಅವನು ಪ್ರೀತಿಸುತ್ತಿದ್ದ. ಅದನ್ನು ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಹೊಲಿದ ಕೋಟು ತಲುಪಿಸಲು ಹೋಗಿದ್ದಳು. ಊಟಕ್ಕೆ ಬಂದ ಬಿಡಪ್ಪ ಅವಳ ಕೋಣೆಯಿಂದ ಕತ್ತರಿ ತೆಗೆದುಕೊಂಡ. ಬಾಗಿಲ ಚಿಲಕ ಹಾಕಲಿಲ್ಲ. ಸಂಜೆ ಬಂದು ನೋಡಿದರೆ ಹೆಂಡತಿ ನೆಲದ ಮೇಲೆ ಕೂತಿದ್ದಾಳೆ, ಸುತ್ತ ಕಂದು ಕಾಗದದ ಚೂರು. ಹನ್ನೊಂದು ಕಟ್ಟುಗಳು ಹೋಗಿದ್ದವು. ದೊರೆ ಮೂತಿಗೆ ಒಂದು ಕಾಲರು ಅಂಟಿಸಿಕೊಂಡು ಮಲಗಿತ್ತು.

"ಹೋಗ್ಲಿ ಬಿಡು," ಎಂದ ಬಿಡಪ್ಪ. "ಕಾಗದ ತಾನೆ?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ತಿಂಗಳ ಕೊನೆಗೆ ಈ ನಾಯಿ ಈ ಮನೇಲಿ ಇರಬಾರದು," ಎಂದಳು. "ಎಲ್ಲಿಗೆ ಬಿಡ್ತೀರೋ ಬಿಡಿ. ಬಿಡೋದ್ರಲ್ಲಿ ನಿಮ್ಮನ್ನ ಮೀರಿಸಿದವರಿಲ್ಲ."

ಬಿಡಪ್ಪ ಈ ಸಲ ತಡ ಮಾಡಲಿಲ್ಲ. ಮರುದಿನವೇ ಹೋಗಿ ನಾಯಿ ಮೇಡಂ ಅವರನ್ನು ಕರೆತಂದ. ನಾಯಿಗಳಿಗೆ ಪಾಠ ಹೇಳುವ ಆ ಹೆಂಗಸು ಜಾಸ್ತಿ ಮಾತಿನವರಲ್ಲ. ಬಂದವರೇ ನಾಯಿಯ ಕಡೆ ತಿರುಗಿಯೂ ನೋಡದೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಮೇಜಿನ ಮೇಲಿದ್ದ ಚೂರು ಕಾಗದದಲ್ಲಿ ಒಂದು ಗಂಟೆ ಹೊತ್ತು ಗೀಟು ಎಳೆಯುತ್ತ ಇದ್ದರು.

"ನಾಯಿ ಎಷ್ಟು ಸಲ ಕಚ್ಚಿ ಎಳೀತು ಅಂತ ಲೆಕ್ಕನಾ ಮೇಡಂ?"

"ನೀವು ಎಷ್ಟು ಸಲ 'ಬಿಡು' ಅಂದ್ರಿ ಅಂತ. ಮೂವತ್ತೊಂದು. ಅದರಲ್ಲಿ ನಾಯಿಗೆ ಹೇಳಿದ್ದು ನಾಲ್ಕೇ."

"ಅಯ್ಯೋ, ಇರ್ಲಿ ಬಿಡಿ ಮೇಡಂ."

"ಮೂವತ್ತೆರಡು," ಎಂದು ಇನ್ನೊಂದು ಗೀಟು ಎಳೆದರು.

ಆಮೇಲೆ ಬಿಡಿಸಿ ಹೇಳಿದರು. ನಾಯಿಯಲ್ಲಿ ಏನೂ ಕೆಟ್ಟಿಲ್ಲ, ಅದಕ್ಕೆ ಹೊತ್ತು ಹೋಗುತ್ತಿಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಸುತ್ತಾಡಿಸಬೇಕು; ದರದರ ಎಳೆದುಕೊಂಡು ಹೋಗದೆ, ನಿಂತಲ್ಲಿ ನಿಂತು ಮೂಸಲು ಸಮಯ ಕೊಡಬೇಕು. ಹರಿಯುವ ಚಪಲ ಹೋಗುವಂಥದ್ದಲ್ಲ, ಹಾಗಾಗಿ ಹರಿಯಲೆಂದೇ ಏನಾದರೂ ಕೊಡಬೇಕು. ಬಾಯಲ್ಲಿ ಏನಾದರೂ ಹಿಡಿದಾಗ ಎಳೆಯಬಾರದು, ಅಟ್ಟಿಸಿಕೊಂಡು ಹೋಗಬಾರದು. ಅದು ಉಗುಳಿದ ಕೂಡಲೇ ಅದಕ್ಕಿಂತ ರುಚಿಯಾದದ್ದು ಕೊಡಬೇಕು.

"ಉಗುಳೋಕೆ ಒಂದು ಮಾತು ಬೇಕು. 'ಬಿಡು' ನಡೆಯಲ್ಲ. ಈ ಮನೇಲಿ ಆ ಮಾತು ಸವೆದು ಹೋಗಿದೆ. ಏನೂ ಆಗದೆ ಇದ್ದಾಗ ಮನುಷ್ಯರು ಮಾಡೋ ಸದ್ದು ಅಂತ ನಾಯಿ ತಿಳ್ಕೊಂಡಿದೆ. ಈ ಮನೇಲಿ ಯಾರೂ ಆಡದ ಒಂದು ಮಾತು ಹೇಳಿ."

ಬಿಡಪ್ಪ ತಲೆ ಕೆರೆದುಕೊಂಡ. ಯಂತ್ರದ ಮುಂದಿದ್ದ ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳಿದಳು:

"'ತಪ್ಪಾಯ್ತು.' ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ."

ಬಿಡಪ್ಪ ಹಲ್ಲು ಕಿರಿದ. ನಾಯಿ ಮೇಡಂ ನಗಲಿಲ್ಲ. "ಒಳ್ಳೇ ಮಾತು," ಎಂದರು. "ನಾಯಿ ಕಿವಿಗೆ ಸ್ಪಷ್ಟವಾಗಿ ಬೀಳುತ್ತೆ. ಅದೇ ಇರಲಿ."

ಅಂದಿನಿಂದ ಐವತ್ತರ ಹತ್ತಿರದ ಆ ಮನುಷ್ಯ ನೆಲದ ಮೇಲೆ ಕಾಲು ಚಾಚಿ ಕೂತು, ಜೇಬಿನಲ್ಲಿ ಬೇಯಿಸಿದ ಕೋಳಿಯ ಚೂರು ಇಟ್ಟುಕೊಂಡು, ನಾಯಿಯ ಮುಂದೆ 'ತಪ್ಪಾಯ್ತು, ತಪ್ಪಾಯ್ತು' ಎನ್ನತೊಡಗಿದ. ಮೊದಲು ನಾಲಿಗೆ ತಿರುಗಲಿಲ್ಲ. ನಾಲ್ಕು ದಿನದಲ್ಲಿ ನಾಯಿ ಕಲಿಯಿತು, ಅವನಿಗೆ ಒಂದು ವಾರ ಹಿಡಿಯಿತು. ಅಂಗಡಿಯಲ್ಲಿ ಕಿತ್ತುಹಾಕಿದ ಹಳೆಯ ಸೋಫಾ ಬಟ್ಟೆಯಲ್ಲಿ ಒಂದು ಮೊಳೆಯೂ ಉಳಿಯದಂತೆ ಕೈಯಾಡಿಸಿ, ತಿಂಡಿ ಒಳಗಿಟ್ಟು ಗಂಟು ಹಾಕಿ ತಂದುಕೊಟ್ಟ. ದೊರೆಗೆ ಕೈತುಂಬ, ಅಲ್ಲ, ಬಾಯಿತುಂಬ ಕೆಲಸ. ಮಧ್ಯಾಹ್ನ ಗಂಟು ಬಿಚ್ಚಿ, ಹರಿದು, ತಿಂದು, ಗೊರಕೆ ಹೊಡೆಯುತ್ತಿತ್ತು. ಮನೆಯ ಬೇರೆ ಯಾವ ವಸ್ತುವೂ ಹರಿಯಲಿಲ್ಲ.

ಬೀದಿಯಲ್ಲಿ ಮಾತ್ರ ಒಂದು ಪ್ರಕರಣ ನಡೆಯಿತು. ಎದುರು ಮನೆಯ ಹಲ್ಲಿನ ಡಾಕ್ಟರು ಬಿಡಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು; ಅವರ ಸೋಫಾ ಅವನ ಅಂಗಡಿಯಲ್ಲಿ ಐದು ತಿಂಗಳು ಮಲಗಿದ್ದೇ ಕಾರಣ. ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ಬಿಟ್ಟಿದ್ದ ಚಪ್ಪಲಿಯನ್ನು, ಎಡಗಾಲಿನದೇ, ನಾಯಿ ಎತ್ತಿಕೊಂಡಿತು. ಡಾಕ್ಟರು ಹೊರಗೆ ಬರುವುದಕ್ಕೂ ಬಿಡಪ್ಪ ಗಾಬರಿಯಿಂದ ಮಂಡಿಯೂರಿ ಕೂಗುವುದಕ್ಕೂ ಸರಿಹೋಯಿತು:

"ದೊರೆ, ತಪ್ಪಾಯ್ತು! ತಪ್ಪಾಯ್ತು ದೊರೆ!"

ನಾಯಿ ಚಪ್ಪಲಿ ಉಗುಳಿತು. ಡಾಕ್ಟರ ಮುಖ ಕೆಂಪಾಯಿತು.

"ಅಯ್ಯೋ, ಏಳ್ರೀ ಮೇಲೆ! ದೊರೆ ಗಿರೆ ಅಂತೆಲ್ಲ ಯಾಕೆ? ಸೋಫಾ ಮಾತು ಯಾವ ಕಾಲದ್ದು! ನಾನೂ ಸ್ವಲ್ಪ ಅತಿ ಮಾಡಿದೆ."

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಬಿಡಪ್ಪ ತುಟಿ ಬಿಚ್ಚದೆ ಕುಡಿದು ಬಂದ. ಮನೆಗೆ ಬಂದು ಹೆಂಡತಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಗುತ್ತ ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ.

"ನಾಯಿಗೆ ಹೇಳಿದ್ರಿ. ಡಾಕ್ಟರಿಗೂ ಹೇಳಿದ ಹಾಗಾಯ್ತು," ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಬಿಡಪ್ಪನ ನಗು ಅರ್ಧಕ್ಕೇ ನಿಂತಿತು. ಅವಳ ಮಾತಿನ ಮುಳ್ಳು ಎಲ್ಲಿ ಚುಚ್ಚಿತೆಂದು ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ ಎಂದರೆ ಇನ್ನೂ ಸರಿ.

ತಿಂಗಳ ಕೊನೆಯ ದಿನ ಮೂರು ಗಂಟೆಗೇ ಅಂಗಡಿ ಮುಚ್ಚಿದ. ದಾರಿಯುದ್ದಕ್ಕೂ ವಕೀಲನ ಹಾಗೆ ವಾದ ಕಟ್ಟಿಕೊಂಡ: ಇಪ್ಪತ್ಮೂರು ದಿನದಿಂದ ಮನೆಯಲ್ಲಿ ಏನೂ ಹರಿದಿಲ್ಲ, ಒಂದು ನೂಲೂ ಹೋಗಿಲ್ಲ, ಈಗ ಕಳಿಸಿದರೆ ನಾಯಿಗೆ ಅನ್ಯಾಯ. ಕೋಣೆಗೆ ಕಾಲಿಟ್ಟರೆ ಹೆಂಡತಿ ನೆಲದ ಮೇಲೆ ಕಂದು ಕಾಗದ ಹಾಸಿಕೊಂಡು, ಪೆನ್ಸಿಲಿನಿಂದ ಒಂದು ಹೆಗಲಿನ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುತ್ತಿದ್ದಳು. ಕಾಗದ ಅಲ್ಲಿ ಸವೆದು ತೆಳ್ಳಗಾಗಿತ್ತು. ಮೂಲೆಯಲ್ಲಿ ದೊರೆ ತನ್ನ ಬಟ್ಟೆ ಗಂಟು ಅಗಿಯುತ್ತಿತ್ತು.

"ಆ ಗಿರಾಕಿಯನ್ನೇ ಕರೆಸಿ ಇನ್ನೊಂದು ಸಲ ಅಳತೆ ತಗೋಬಹುದಲ್ವಾ?" ಎಂದ.

"ಟೇಪಿಗೆ ಸಿಗೋ ಅಳತೆ ಅಲ್ಲ ಇದು. ನಾಲ್ಕು ಸಲ ಹೊಲಿದು, ಬಿಚ್ಚಿ, ಕಂಡುಹಿಡಿದಿದ್ದೆ. ಎಷ್ಟು ಇಳಿಸಿದ್ದೆ ಅಂತ ನೆನಪೇ ಆಗ್ತಿಲ್ಲ."

ಟೇಪಿಗೆ ಸಿಗದ ಅಳತೆ ಎಂದರೇನೆಂದು ಬಿಡಪ್ಪನಿಗೆ ಚೆನ್ನಾಗಿ ಗೊತ್ತು. ಸ್ಪ್ರಿಂಗ್ ಎಷ್ಟು ಬಿಗಿದರೆ ಕೂತವರ ಸೊಂಟ ನೋಯುವುದಿಲ್ಲ ಎನ್ನುವುದು ಅವನ ಅಂಗೈಗೆ ಗೊತ್ತೇ ಹೊರತು ಯಾವ ಪುಸ್ತಕದಲ್ಲೂ ಇಲ್ಲ. ಯಾರಾದರೂ ಬಂದು 'ಸ್ಪ್ರಿಂಗ್ ತಾನೆ?' ಎಂದಿದ್ದರೆ ಅವನು ಈ ಜನ್ಮದಲ್ಲಿ ಅವರ ಮುಖ ನೋಡುತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಇವತ್ತು ತಿಂಗಳ ಕೊನೆ," ಎಂದ ಮೆಲ್ಲಗೆ. "ನಾಯಿ ಈಗ ಏನೂ..."

"ನಾಯಿ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ ರೀ," ಎಂದಳು ಹೆಂಡತಿ. "ಅದಕ್ಕೆ ಓದೋಕೆ ಬರಲ್ಲ. ನಿಮಗೆ ಬರುತ್ತೆ. ಚಿಲಕ ಹಾಕದೆ ಹೋದವರೂ ನೀವೇ, ಕಾಗದ ತಾನೆ ಅಂದವರೂ ನೀವೇ."

ವಕೀಲನ ವಾದ ಎಲ್ಲಿ ಹೋಯಿತೋ. ಅಭ್ಯಾಸಬಲದಿಂದ 'ಹೋಗ್ಲಿ ಬಿಡು' ನಾಲಿಗೆಯ ತುದಿಯವರೆಗೂ ಬಂತು. ಬಿಡಪ್ಪ ಹಲ್ಲು ಕಚ್ಚಿ ಅದನ್ನು ಒಳಗೆ ತಳ್ಳಿದ. ಅವಳ ಎದುರು, ಕಾಗದದ ಆಚೆ ಬದಿಗೆ, ನೆಲದ ಮೇಲೆ ಕೂತ.

"ತಪ್ಪಾಯ್ತು," ಎಂದ.

ಮೂಲೆಯಲ್ಲಿ ದೊರೆ ಥಟ್ಟನೆ ಗಂಟು ಉಗುಳಿ, ಓಡಿಬಂದು, ಅವನ ಪಕ್ಕ ಬಾಲ ಮಡಚಿ ಕೂತಿತು. ಕೋಳಿಯ ಚೂರು ಬರಬೇಕು. ಬರಲಿಲ್ಲ. ಮೂತಿಯಿಂದ ಅವನ ಜೇಬು ತಿವಿಯಿತು. ಬಿಡಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಯಾರಿಗೆ ಹೇಳ್ತಿದ್ದೀರಿ?" ಎಂದಳು ಹೆಂಡತಿ.

"ನಿನಗೆ. ಚಿಲಕದ್ದೂ ತಪ್ಪಾಯ್ತು, ಕಾಗದ ತಾನೆ ಅಂದಿದ್ದೂ ತಪ್ಪಾಯ್ತು. ಅದಕ್ಕಿಂತ ಹಿಂದಿನವು ಎಷ್ಟಿವೆಯೋ ನನಗೆ ನೆನಪಿಲ್ಲ, ನಿನಗಿರುತ್ತೆ."

ಹೆಂಡತಿ ಪೆನ್ಸಿಲು ಕೆಳಗಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೈ ಚಾಚಿ ಬಿಡಪ್ಪನ ಜೇಬಿನಿಂದ ಒಂದು ಕೋಳಿಯ ಚೂರು ತೆಗೆದು ನಾಯಿಯ ಬಾಯಿಗೆ ಹಾಕಿದಳು.

"ನಾಳೆ ನಾಯಿ ಮೇಡಂನ ಕರೀರಿ," ಎಂದಳು. "ಇದಕ್ಕೆ ಬೇರೆ ಮಾತು ಕಲಿಸಬೇಕು. ಈ ಮಾತು ಇನ್ಮೇಲೆ ನಮಗೆ ಬೇಕಾಗುತ್ತೆ."